ಪಾತಾಳದ ಮೋಜಣಿ

ನಮ್ಮ ಕಾಕಾ ಪಾತಾಳವನ್ನು ಅಳೆದು ನಕಾಶೆ ಬರೆದವರು. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಹತ್ತು ಅಂತಸ್ತಿನ ಪಾತಾಳ, ಅಂತಸ್ತಿಗೊಂದು ಹಾಳೆ, ಪ್ರತಿ ಹಾಳೆಯ ಮೇಲೂ ಉತ್ತರ ದಿಕ್ಕಿನ ಬಾಣ, ಅಳತೆಯ ಪ್ರಮಾಣ, ಅಳೆದವರ ಸಹಿ. ಹತ್ತೂ ಹಾಳೆಗಳು ಈಗ ನನ್ನ ಮೇಜಿನ ಮೇಲಿವೆ. ಸೇವೆಯ ಉದ್ದಕ್ಕೂ ಹೊಲ ಅಳೆದು ಮೋಜಣಿದಾರರಾಗಿ ನಿವೃತ್ತರಾದ ಮನುಷ್ಯ ಭೂಲೋಕ ಮುಗಿಯಿತೆಂದು ಕೆಳಗಿನ ಲೋಕಕ್ಕೆ ಅಳತೆಯ ಸಾಂಕಳಿ ಚಾಚಿದರೆ ಅದರಲ್ಲಿ ಸೋಜಿಗವೇನು? ಸೋಜಿಗವಿರುವುದು ಬೇರೆಡೆ. ಈ ಪಾತಾಳವಿದ್ದದ್ದು ಒಂದು ಕಂಪ್ಯೂಟರ್ ಆಟದಲ್ಲಿ. ಅದನ್ನು ಆಡಿದವರೆಲ್ಲ ಮೇಲಿನಿಂದ ಕೆಳಕ್ಕೆ ಇಳಿದರು. ನಮ್ಮ ಕಾಕಾ ಒಬ್ಬರೇ ಕೆಳಗಿನಿಂದ ಮೇಲಕ್ಕೆ ಆಡಿದರು!

ಕಾಲ, ತೊಂಬತ್ತರ ದಶಕದ ಕೊನೆ. ಖಚಿತವಾದ ವರ್ಷದ ಬಗ್ಗೆ ಮನೆಯಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಮಾಳಮಡ್ಡಿಯ ಮನೆಯ ಹಿತ್ತಲಿಗೆ ಹೊಸ ತಗಡು ಹಾಕಿಸಿದ ಮೇಲೆ ಕಂಪ್ಯೂಟರ್ ಬಂತೆಂದು ಕಾಕು, ಅಂದರೆ ಕಾಕಾನ ಹೆಂಡತಿ, ಹೇಳುತ್ತಿದ್ದರು; ತಗಡಿಗಿಂತ ಮೊದಲೇ ಬಂತೆಂದು ಕಾಕಾ. ನಾನು ತಗಡಿನದೂ ಕಂಪ್ಯೂಟರಿನದೂ ಪಾವತಿ ಚೀಟಿಗಳನ್ನು ಹುಡುಕಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡರ ಮೇಲೂ ಒಂದೇ ದಿನದ ತಾರೀಖು! ಇಬ್ಬರೂ ಸೋಲುವಂಥ ಫಲಿತಾಂಶ ಸಂಶೋಧನೆಯಲ್ಲಿ ಬಲು ಅಪರೂಪ. ಇಬ್ಬರೂ ಸೇರಿ ನನ್ನ ಮೇಲೆ ಸಿಟ್ಟಾದರು.

ಕಂಪ್ಯೂಟರ್ ಹಳೆಯದು. ಸಪ್ತಾಪುರದಲ್ಲಿ ಬಾಡಿಗೆಯ ಮನೆಯಲ್ಲಿದ್ದ ಒಬ್ಬ ತರುಣ ಉಪನ್ಯಾಸಕರು ವಿಜಾಪುರಕ್ಕೆ ವರ್ಗವಾದಾಗ ಅದನ್ನು ಕಾಕಾಗೆ ಮಾರಿ ಹೋಗಿದ್ದರು. ನಕಾಶೆ ಬರೆಯಲು ಬರುತ್ತದೆಂದು ಕಾಕಾ ಕೊಂಡರು. ಗುಂಡಿ ಒತ್ತಿದರೆ ನಕಾಶೆಯ ಬದಲು ಕಲ್ಲುಗೋಡೆಯ ಕತ್ತಲ ಓಣಿಯೊಂದು ಕಂಡಿತು. ಅದರ ಕೆಳಗೆ ಆರು ಹೆಸರುಗಳು. ಕಾಕಾ ನನಗೆ ಹೇಳಿ ಕಳಿಸಿದರು. ನಾನಾಗ ವಿಶ್ವವಿದ್ಯಾಲಯದಲ್ಲಿ ಹಳೆಯ ದಾನಪತ್ರಗಳನ್ನು ಓದುತ್ತಿದ್ದೆ. ಹಳೆಯದು ಏನಿದ್ದರೂ ನನಗೆ ಓದಲು ಬರುತ್ತದೆಂದು ಅವರ ನಂಬಿಕೆ.

"ತಮ್ಮಾ, ಇದನ್ನಿಷ್ಟು ಓದು. ಇಂಗ್ಲಿಷು ಅಜ್ಜನ ಕಾಲದ್ದು ಕಾಣತೈತಿ."

ಓದಿದೆ. ರಾಕ್ಷಸರಾಜನನ್ನು ಕೊಲ್ಲಲು ಆರು ಜನ ಪಾತಾಳಕ್ಕೆ ಇಳಿದಿದ್ದಾರೆ. ಈಗ ಹತ್ತನೆಯ, ಅಂದರೆ ಕಟ್ಟಕಡೆಯ ಅಂತಸ್ತಿನಲ್ಲಿದ್ದಾರೆ. ಐವರು ಬದುಕಿದ್ದಾರೆ, ಒಬ್ಬರು ಸತ್ತಿದ್ದಾರೆ.

"ಅಂದ್ರ ಆ ಮಾಸ್ತರು ಇವರನ್ನ ಹತ್ತನೇ ತಳದಾಗ ಬಿಟ್ಟು ವರ್ಗಾ ಆಗಿ ಹೋದ್ರು?"

"ಹಂಗ ಕಾಣತೈತ್ರಿ ಕಾಕಾ."

"ದೀಪಾ ಐತೇನು ಅವರ ಕಡೆ?"

"ಒಂದು ಪಂಜು ಐತಿ ಅಂತ ಬರದೈತ್ರಿ."

"ಊಟಾ?"

"ಅದರ ಉಲ್ಲೇಖ ಇಲ್ರಿ."

ಕಾಕಾ ಚಷ್ಮಾ ತೆಗೆದು ಒರೆಸಿಕೊಂಡರು. "ಇದು ಮನಷಾರು ಮಾಡೂ ಕೆಲಸಲ್ಲ," ಎಂದರು. ಮಾಸ್ತರರ ಬಗೆಗೋ ರಾಕ್ಷಸರಾಜನ ಬಗೆಗೋ ನನಗೆ ತಿಳಿಯಲಿಲ್ಲ.

ಆ ಆರು ಹೆಸರುಗಳ ವಿಷಯ ಹೇಳಬೇಕು. ಐವರಿಗೆ ಆ ಉಪನ್ಯಾಸಕರು ಬಲು ಜಿಪುಣತನದಿಂದ ಎ, ಬಿ, ಸಿ, ಡಿ, ಇ ಎಂದು ಒಂದೊಂದೇ ಅಕ್ಷರ ಇಟ್ಟಿದ್ದರು. ಸತ್ತು ಬಿದ್ದಿದ್ದ ಆರನೆಯವಳಿಗೆ ಮಾತ್ರ ಪೂರ್ತಿ ಹೆಸರಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ, ಕೆಂಪು ಬಣ್ಣದಲ್ಲಿ: ಅವ್ವ.

ಮುಂದಿನ ವಾರ ಕಂಪ್ಯೂಟರಿನ ಕೀಲಿಮಣೆ ಕೆಟ್ಟು, ಅದನ್ನು ಸರಿಪಡಿಸಲು ಕಂಪ್ಯೂಟರ್ ಕ್ಲಾಸಿನ ಮಾಸ್ತರನೊಬ್ಬ ಬಂದ. ಆಟ ನೋಡಿ ಅವನ ಕಣ್ಣರಳಿದವು.

"ಕಾಕಾರ, ಭಾರೀ ಮುಂದ ಬಂದೀರಲ್ರಿ! ಇನ್ನ ಎರಡ ಬಾಗಿಲಾ. ಆ ರಾಕ್ಷಸನ್ನ ಹೊಡದ್ರ ಆಟ ಮುಗೀತು."

"ಅವ ನಮಗೇನ ಮಾಡ್ಯಾನ?"

"ಏನೂ ಮಾಡಿಲ್ರಿ. ಆಟ ಇರೂದ ಹಂಗ."

"ಹೊಡದ ಮ್ಯಾಲೆ ಇವರು ಮನಿಗೆ ಹೆಂಗ ಹೋಗ್ತಾರ?"

"ಮನೀ ಇಲ್ಲ ಏನಿಲ್ರಿ. ಅಭಿನಂದನೆಗಳು ಅಂತ ಬರತೈತಿ, ಮುಗೀತು."

"ಅಭಿನಂದನೆ ಬಂದ್ರ ಮನಿ ಮುಟ್ಟಿದಂಗೇನೋ? ನನಗೂ ನಿವೃತ್ತಿ ದಿವಸ ಅಭಿನಂದನೆ ಅಂತ ಶಾಲು ಹೊಚ್ಚಿದ್ರು. ಮನಿಗೆ ನಡಕೊಂತನ ಬಂದೇನಿ!"

ಮಾಸ್ತರ ಸುಮ್ಮನಿರಬಹುದಿತ್ತು. ಇರಲಿಲ್ಲ. "ಹಂಗಾರ ಮ್ಯಾಲೇ ಹೋಗ್ರಿ. ಆದ್ರ ಸತ್ತಾಕಿನ್ನ ಇಲ್ಲೇ ಒಗದು ಹೋಗ್ರಿ. ಹೆಣಾ ಹೊತಗೊಂಡು ಹೊಂಟ್ರ ಉಳದವ್ರ ಶಕ್ತಿ ಇಳೀತೈತಿ."

"ಹೆಸರು ಓದೀ ಏನು?"

"ಅವ್ವ ಅಂತ ಐತ್ರಿ."

"ಅವ್ವನ್ನ ಒಗದು ಹೋಗು ಅಂತೀ?"

ಚಹಾದ ಬಟ್ಟಲು ಹಿಡಿದು ಹೊಸ್ತಿಲವರೆಗೆ ಬಂದಿದ್ದ ಕಾಕು ಬಟ್ಟಲಿನೊಂದಿಗೆ ಹಾಗೆಯೇ ಒಳಗೆ ತಿರುಗಿದರು. ಮಾಳಮಡ್ಡಿಯ ಆ ಮನೆಯಲ್ಲಿ ಚಹಾ ಕುಡಿಯದೆ ಹೊರಬಿದ್ದ ಮನುಷ್ಯ ನಾನು ಕಂಡಂತೆ ಅವನೊಬ್ಬನೇ. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಅವನು ಒಂದು ಎಚ್ಚರಿಕೆ ಕೊಟ್ಟ. ಈ ಆಟದಲ್ಲಿ ಹೆಜ್ಜೆ ಹೆಜ್ಜೆಯೂ ತಾನಾಗಿ ದಾಖಲಾಗುತ್ತದೆ. ಹಿಂದೆ ಸರಿದು ಮತ್ತೆ ಆಡುವಂತಿಲ್ಲ. ಐವರೂ ಬಿದ್ದರೆ ಅಲ್ಲಿಗೆ ಮುಗಿಯಿತು, ಆರೂ ಜನ ಶಾಶ್ವತವಾಗಿ ಒಳಗೇ.

ಮೇಲೆ ತರಬೇಕು, ಅವ್ವನನ್ನೂ ತರಬೇಕು, ಒಂದೇ ಸಲಕ್ಕೆ ತರಬೇಕು. ರವಿವಾರ ಮುಂಜಾನೆಯ ನಮ್ಮ ಕೆಲಸ ಹೀಗೆ ಆರಂಭವಾಯಿತು. ಓದುವುದು ನಾನು, ಅಳೆಯುವುದು ಕಾಕಾ.

ಅಳೆಯದೆ ಹೆಜ್ಜೆ ಇಡುವುದು ಅವರಿಗೆ ಗೊತ್ತೇ ಇರಲಿಲ್ಲ. ಪ್ರತಿ ಕೋಣೆಗೂ ಚಕ್ಕುಬಂದಿ ಬರೆಸಿದರು: "ಮೂಡಲಕ್ಕೆ ಅಸ್ಥಿಪಂಜರಗಳ ಓಣಿ. ಪಡುವಲಕ್ಕೆ ಬೆಂಕಿಯ ಹೊಂಡ. ಬಡಗಲಕ್ಕೆ ಬೀಗ ಹಾಕಿದ ಬಾಗಿಲು. ತೆಂಕಲಕ್ಕೆ ವಿಚಾರಿಸಬೇಕು." ನಾನು ಓದುತ್ತಿದ್ದ ಶತಮಾನಗಳ ಹಿಂದಿನ ದಾನಪತ್ರಗಳ ಚಕ್ಕುಬಂದಿಯೂ ಹೆಚ್ಚುಕಡಿಮೆ ಇದೇ ಧಾಟಿಯದು. ವ್ಯತ್ಯಾಸವೆಂದರೆ ಅವುಗಳಲ್ಲಿ ಹುಣಸೆಮರ ಇರುತ್ತದೆ, ಇದರಲ್ಲಿ ಹಾರುವ ತಲೆಬುರುಡೆ.

ಎಂಟನೆಯ ಅಂತಸ್ತಿನಲ್ಲಿ ನಾಲ್ಕೂ ದಿಕ್ಕಿನ ಓಣಿಗಳು ಒಂದೇ ರೀತಿ ಕಂಡವು. ಗುರುತಿಗೆ ಏನಾದರೂ ಬೇಕಿತ್ತು. ಸಾಮಾನು ನೆಲಕ್ಕಿಡುವ ಅವಕಾಶ ಆಟದಲ್ಲಿ ಇದ್ದುದರಿಂದ ಕಾಕಾ ಮೂಲೆಮೂಲೆಗೂ ಗಡಿಯ ಬಾಂದಕಲ್ಲು ನೆಟ್ಟರು. ಬಾಂದಕಲ್ಲಾಗಿ ಬಳಸಿದ್ದು ಏನನ್ನು? ಬಿಲ್ಲುಗಾರ ಸಿ ಎಂಬವನ ಬಾಣಗಳನ್ನು! ಸರಿಯಾಗಿ ಮೂವತ್ತೆರಡು ಮೂಲೆ, ಸರಿಯಾಗಿ ಮೂವತ್ತೆರಡು ಬಾಣ. ಮೂವತ್ತೆರಡನೆಯದನ್ನು ನೆಡುವುದಕ್ಕೂ ಎದುರಿಗೆ ಎಂಟು ಅಸ್ಥಿಪಂಜರಗಳು ಬರುವುದಕ್ಕೂ ಸರಿಹೋಯಿತು.

"ಕಾಕಾ, ಬಾಣ ಹೊಡೀರಿ!"

"ಎಲ್ಲೀ ಬಾಣಾ?"

"ಅಲ್ಲೇ ಬಾಜೂಕ ಒಂದು ಬಿದ್ದೈತಲ್ರಿ, ಎತಗೋರಿ!"

"ಬಾಂದಕಲ್ಲು ಕೀಳೂದು ಅಪರಾಧ ತಮ್ಮಾ."

ಆರು ಜನ ಓಡಿದರು. ಅಂದರೆ ಐವರು ಓಡಿದರು, ಅವ್ವ ಎ ಸಾಹೇಬರ ಹೆಗಲ ಮೇಲಿದ್ದಳು. ಬಿಲ್ಲು ಮಾತ್ರ ಉಳಿದ ಸಿ ಅಲ್ಲಿಂದ ಮುಂದೆ ಪಾತಾಳವಿಡೀ ಬರಿಗೈಯಲ್ಲಿ ಗುದ್ದಾಡುತ್ತ ಬಂದ. ಕಾಕುಗೆ ಅವನ ಮೇಲೆ ವಿಶೇಷ ಮರುಕ. "ಆ ಸಿ ಅನ್ನಾಂವ ಬಾಳ ಗರೀಬ ಅದಾನ್ರಿ. ಅವನ ಬಾಣಾ ಕಸಗೊಂಡು ನೀವೇನ ಉದ್ಧಾರ ಮಾಡಿದ್ರಿ?"

ಆರನೆಯ ಅಂತಸ್ತು ಮೂರು ರವಿವಾರಗಳನ್ನು ನುಂಗಿತು. ಅಲ್ಲೊಂದು ಕಲ್ಲಿನ ಮೇಲೆ ಕಾಲಿಟ್ಟರೆ ಸದ್ದಿಲ್ಲದೆ ಬೇರೊಂದು ಮೂಲೆಗೆ ಎಸೆಯುವ ಮಾಟವಿತ್ತು. ಪರದೆಯ ಮೇಲೆ ಅದೇ ಕಲ್ಲುಗೋಡೆ ಕಾಣುವುದರಿಂದ ಎಸೆದದ್ದು ತಿಳಿಯುವುದೂ ಇಲ್ಲ. ನಕಾಶೆಯಲ್ಲಿ ಮಾತ್ರ ಒಂದೇ ಜಾಗದಲ್ಲಿ ಎರಡು ಕೋಣೆ ಕುಳಿತವು. ಬೇರೆ ಯಾರಾದರೂ ಮಾಟವೆಂದು ಊಹಿಸುತ್ತಿದ್ದರು. ಕಾಕಾ ಊಹಿಸಲಿಲ್ಲ, ಅವರಿಗೆ ಖಚಿತವಾಗಿತ್ತು: "ಅತಿಕ್ರಮಣ! ಈ ಕ್ವಾಣಿಯಾಂವ ಬಾಜೂದಾಂವಂದು ಒತ್ತಿ ಕಟ್ಯಾನ." ಮೂರು ಸಲ ಮರುಮೋಜಣಿ ಆಯಿತು. ಕೊನೆಗೆ ಮಾಟದ ಕಲ್ಲನ್ನು ನಾನು ತೋರಿಸಿಕೊಟ್ಟಾಗ ಅವರು ಹಾಳೆಯ ಮೇಲೆ ಅದಕ್ಕೊಂದು ಗುರುತು ಹಾಕಿ, "ನಮ್ಮ ತಾಲೂಕಿನ್ಯಾಗೂ ಇಂಥಾ ಕಲ್ಲು ಇದ್ವು ಬಿಡು. ಈಗ ತಿಳೀತು," ಎಂದರು.

ಕಾಕು ಮೊದಮೊದಲು ಬರೀ ಮೂದಲಿಸುತ್ತಿದ್ದರು. "ಪಾತಾಳದಾಗಿನ ಮಂದೀನ್ನ ಮ್ಯಾಲೆ ತರ್ತಾರಂತ. ಬಾಜಾರದಿಂದ ಕೊತ್ತಂಬರಿ ತರಾಕ ಇವರಿಗೆ ಆಗೂದಿಲ್ಲ!" ಐದನೆಯ ಅಂತಸ್ತಿನ ಹೊತ್ತಿಗೆ ಒಗ್ಗರಣೆಯ ನಡುವೆಯೇ ಕೂಗಿ ಕೇಳತೊಡಗಿದರು: "ಅವ್ವ ಎಲ್ಲಿಗೆ ಬಂದ್ಲ್ರಿ?" ನಾಲ್ಕನೆಯದಕ್ಕೆ ಬಂದಾಗ ರವಿವಾರದ ರೊಟ್ಟಿಯನ್ನು ಶನಿವಾರವೇ ಬಡಿದಿಟ್ಟು ನಮ್ಮ ಹಿಂದೆ ಬಂದು ಕುಳಿತರು.

ಅಂಥದೊಂದು ಮುಂಜಾನೆ ಶಿರಗುಪ್ಪಿಯಿಂದ ಕಾಕುನ ಅಣ್ಣ ಬಂದರು. ಪಡಸಾಲೆಗೆ ಕಾಲಿಡುವಾಗ ಅವರ ಕಿವಿಗೆ ಬಿದ್ದದ್ದು ಕಾಕಾನ ಮಾತು: "ಅವ್ವನ್ನ ಇನ್ನ ಮೂರು ಅಂತಸ್ತು ಹೊತಗೊಂಡು ಹೋಗಬೇಕು." ಅವರು ಅಲ್ಲೇ ನಿಂತು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಮೆಲ್ಲಗೆ ತಂಗಿಯನ್ನು ಕೇಳಿದರು: "ಯಾವಾಗ ಆತವಾ? ಒಂದ ಮಾತ ಹೇಳಿ ಕಳಸಬಾರದಾ?" ಎಲ್ಲವನ್ನೂ ಬಿಡಿಸಿ ಹೇಳಲು ಕಾಲುಗಂಟೆ ಬೇಕಾಯಿತು. ಅವರು ನಗಲಿಲ್ಲ. ಗಡಿಯಾರ ನೋಡಿದರು, ಪರದೆ ನೋಡಿದರು, ರುಮಾಲು ಮತ್ತೆ ಸುತ್ತಿಕೊಂಡು ಕುಳಿತರು. "ಮಧ್ಯಾಹ್ನದ ಬಸ್ಸು ಬ್ಯಾಡ. ಈ ಅಂತಸ್ತು ದಾಟ್ಲಿ, ನೋಡೇ ಹೋಗತೇನಿ."

ಎರಡನೆಯ ಅಂತಸ್ತಿನಲ್ಲಿ ಎಲ್ಲವೂ ಮುಗಿಯಬೇಕಿತ್ತು. ಡಿ, ಇ ಇಬ್ಬರೂ ಮೂರ್ಛೆ ಹೋದರು. ಪಂಜು ಆರುವಂತಿತ್ತು. ಎ ಸಾಹೇಬರಿಗೆ ಉಳಿದದ್ದು ಮೂರು ಏಟಿನಷ್ಟು ಜೀವ. ಭಾರ ಇಳಿಸಿದರೆ ಓಡಬಹುದೆಂದು ಪರದೆಯೇ ಹೇಳಿತು. ನಾನು ಅದನ್ನು ಓದಿದೆ; ಓದುವಾಗ ನನ್ನ ದನಿ ತಗ್ಗಿತು. ಕಾಕಾ ನನ್ನ ಕಡೆ ತಿರುಗಲೂ ಇಲ್ಲ. "ಎಡಕ್ಕ ಹನ್ನೊಂದು ಹೆಜ್ಜಿ, ಬಲಕ್ಕ ನಾಕು. ಮೆಟ್ಲಾ ಅಲ್ಲೇ ಐತಿ," ಎಂದರು. ಆ ಅಂತಸ್ತನ್ನು ಅವರು ಅಳೆದು ಮುಗಿಸಿದ್ದರು. ಪಂಜು ಆರಿತು. ಕಪ್ಪು ಪರದೆಯ ಎದುರು ಕುಳಿತು, ಕಾಗದದ ಮೇಲೆ ಬೆರಳಿಟ್ಟು, ಹದಿನೈದು ಸಲ ಗುಂಡಿ ಒತ್ತಿದರು. ಹದಿನೈದನೆಯದಕ್ಕೆ ಮೆಟ್ಟಿಲು ಸಿಕ್ಕಿತು.

ಮೊದಲ ಅಂತಸ್ತು ಸಣ್ಣದು, ಒಂದೇ ಮುಂಜಾನೆಯಲ್ಲಿ ದಾಟಿದೆವು. ಪರದೆಯ ತುಂಬ ಹಸಿರು, ನೀಲಿ ಆಕಾಶ, ಒಂದು ಹಳ್ಳಿ. ಇಲ್ಲಿಗೆ ಬಂದು ಮುಟ್ಟಲು ಹಿಡಿದದ್ದು ಕಾಕಾನ ಲೆಕ್ಕದಲ್ಲಿ ಮೂರು ವರ್ಷ, ಹಾಳೆಗಳ ಮೇಲಿನ ತಾರೀಖಿನ ಪ್ರಕಾರ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ನಾನು ಈ ತಿದ್ದುಪಡಿ ಹೇಳುತ್ತಿರುವಾಗಲೇ ಕಾಕು ಒಳಗೆ ಓಡಿ ಒಂದು ತುಂಡು ಜೋಳದ ಭಕ್ರಿ, ಒಂದು ತಂಬಿಗೆ ನೀರು ತಂದರು. ದೂರದಿಂದ ಬಂದವರನ್ನು ದೃಷ್ಟಿ ತೆಗೆಯದೆ ಒಳಗೆ ಕರೆಯುವುದುಂಟೇ? ಭಕ್ರಿಯನ್ನು ಕಂಪ್ಯೂಟರಿನ ಸುತ್ತ ಮೂರು ಸಲ ನೀವಾಳಿಸಿ ಹೊರಗೆ ಒಗೆದರು. ನೀರನ್ನು ಅದರ ಮೇಲೆಯೇ ಸುರಿಯದಂತೆ ನಾವಿಬ್ಬರೂ ಕೈ ಹಿಡಿದುಕೊಳ್ಳಬೇಕಾಯಿತು!

ಹಳ್ಳಿಯಲ್ಲಿ ಗುಡಿ ಇತ್ತು. ಗುಡಿಯ ಮುಂದೆ ಪೂಜಾರಿ. ಅವ್ವನನ್ನು ನೋಡಿ ಅವನು ಹೇಳಿದ್ದನ್ನು ನಾನು ಎರಡೆರಡು ಸಲ ಓದಿ ಖಚಿತಪಡಿಸಿಕೊಂಡೆ: ಇವಳನ್ನು ಎಬ್ಬಿಸುವ ಮಂತ್ರ ನನಗೆ ಗೊತ್ತು. ಫಲಿಸಿದರೆ ಏಳುತ್ತಾಳೆ. ಫಲಿಸದಿದ್ದರೆ ಬೂದಿ. ಮಾಡಲೇ, ಬೇಡವೇ?

ಕಾಕಾ ಕೀಲಿಮಣೆಯಿಂದ ಕೈ ತೆಗೆದರು.

"ಒತ್ತರಿ," ಎಂದರು ಕಾಕು.

"ನಾ ಒತ್ತೂದಲ್ಲ ಇದು. ತರೂದು ನನ್ನ ಕೆಲಸಾಗಿತ್ತು, ತಂದೇನಿ. ಇದಕ್ಕ ವಾರಸದಾರರ ಸಹಿ ಬೇಕು."

ಕಂಪ್ಯೂಟರಿನ ಹಳೆಯ ಪಾವತಿ ಚೀಟಿಯ ಮೇಲೆ ಆ ಉಪನ್ಯಾಸಕರು ಬರೆದ ವಿಜಾಪುರದ ವಿಳಾಸವಿತ್ತು. ಕಾಕಾ ಕಾರ್ಡು ಬರೆದರು: "ತಾವು ಬಿಟ್ಟು ಹೋಗಿದ್ದ ಆರು ಜನ ಮೇಲೆ ಬಂದು ಮುಟ್ಟಿದ್ದಾರೆ. ತಾಯಿಯವರು ಗುಡಿಯ ಮುಂದಿದ್ದಾರೆ. ಮುಂದಿನ ತೀರ್ಮಾನ ತಮ್ಮದು. ಬರಬೇಕು." ಇಂಥ ಕಾರ್ಡು ನೋಡಿ ಯಾವ ಮನುಷ್ಯ ಬಂದಾನು? ಹುಚ್ಚರ ಕಾಗದವೆಂದು ಹರಿದು ಹಾಕುತ್ತಾರೆಂದು ನಾನು ವಾದಿಸಿದೆ.

ಹತ್ತು ದಿನಕ್ಕೆ ಆ ಉಪನ್ಯಾಸಕರು ಬಂದರು. ಕೈಯಲ್ಲಿ ಆ ಕಾರ್ಡು ಇತ್ತು. ಕಾಕಾ ಕುರ್ಚಿ ಬಿಟ್ಟುಕೊಟ್ಟರು. ಅವರು ಕುಳಿತು ಪರದೆಯನ್ನೇ ನೋಡಿದರು.

"ಅವ್ವಗ ಕಣ್ಣು ಕಾಣತಿದ್ದಿಲ್ರಿ," ಎಂದರು. "ನಾ ಆಡೂಮುಂದ ಬಾಜೂಕ ಕೂಡತಿದ್ಲು. ಒಂದು ಹೆಸರು ನಂದೂ ಹಾಕೋ ಅಂದ್ಲು, ಹಾಕಿದ್ದೆ. ‘ಈಗ ನಾ ಎಲ್ಲಿ ಅದೇನೋ, ಏನ ಮಾಡಾಕತ್ತೇನೋ’ ಅಂತ ಕೇಳತಿದ್ಲು. ಹೇಳತಿದ್ದೆ. ಆಕಿ ಹೋದ ಮ್ಯಾಲೆ ಒಂದೆರಡು ದಿನ ಒಬ್ಬನ ಆಡಿದೆ. ಆಟದಾಗೂ ಆಕಿನ್ನ ಉಳಸ್ಕೊಳ್ಳಾಕ ಆಗಲಿಲ್ಲ. ಮತ್ತ ತಗೀಲಿಲ್ರಿ."

ಪೂಜಾರಿಯ ಪ್ರಶ್ನೆ ಹಾಗೆಯೇ ನಿಂತಿತ್ತು. ಕಾಕಾ ಅದನ್ನು ತೋರಿಸಿ, ಫಲಿಸದಿದ್ದರೆ ಏನಾಗುತ್ತದೆಂಬುದನ್ನೂ ಮುಚ್ಚಿಡದೆ ಹೇಳಿದರು.

"ಬ್ಯಾಡ್ರಿ ಕಾಕಾರ. ಒಮ್ಮೆ ಬೂದಿ ಮಾಡೇನಿ."

ಬೇಡ ಎನ್ನುವ ಗುಂಡಿ ಒತ್ತಿದರು. ಪೂಜಾರಿ ಗುಡಿಯೊಳಗೆ ಹೋದ. ಅಂಗಳದಲ್ಲಿ ಆರು ಜನ ಉಳಿದರು. ಉಪನ್ಯಾಸಕರು ಕುರ್ಚಿಯನ್ನು ಸ್ವಲ್ಪ ಸರಿಸಿ, ಪಕ್ಕದಲ್ಲಿ ಇನ್ನೊಬ್ಬರು ಕೂಡುವಷ್ಟು ಜಾಗ ಮಾಡಿಕೊಂಡರು. ನಾವು ಮೂವರೂ ಅಲ್ಲಿಯೇ ಇದ್ದೇವೆಂಬುದು ಅವರಿಗೆ ಮರೆತೇ ಹೋಗಿತ್ತು.

"ಅವ್ವಾ, ಈಗ ನೀ ಮ್ಯಾಲೆ ಬಂದಿ," ಎಂದರು. "ಬಿಸಲು ಬಿದ್ದೈತಿ. ಗುಡಿ ಕಟ್ಟಿ ಮ್ಯಾಲೆ ಅದೀ. ಎಲ್ಲಾರೂ ಬಾಜೂಕ ಅದಾರ."