ಅರ್ಧ ಜಿಲ್ಲೆಯ ಓಟಿಪಿ

ನಾನು ಮೇಜು ಮಡಿಚಿ ಮನೆ ಸೇರಿ ವರ್ಷಗಳೇ ಆದವು. ಆದರೂ ರೋಡ್ ಟ್ಯಾಕ್ಸ್ ನನ್ನ ಬೆನ್ನು ಬಿಟ್ಟಿಲ್ಲ. ಒಂದಲ್ಲ ಒಂದು ಪ್ರಸಂಗ ಈಗಲೂ ನಮ್ಮ ಮರಳೂರಿನ ಮನೆಯ ಗೇಟು ತಳ್ಳಿಕೊಂಡು ಬರುತ್ತಲೇ ಇರುತ್ತದೆ. ಹೇಳಿದರೆ ಕೇಳಿದವರು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ. ಅವರು ಎದ್ದು ಹೋದ ಮೇಲೆ ಒಬ್ಬನೇ ನೆನೆಸಿಕೊಂಡರೆ ಮಾತ್ರ ಅಷ್ಟು ನಗು ಬರುವುದಿಲ್ಲ.

ತುಮಕೂರಿನಲ್ಲಿ ಗಾಡಿಗಳ ತೆರಿಗೆ ಕಟ್ಟುವ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಕೂತು ಇಪ್ಪತ್ತೆಂಟು ವರ್ಷ ಅರ್ಜಿ ಬರೆದವನು ನಾನು. ಕಚೇರಿಯವನಲ್ಲ, ಕಚೇರಿಯ ಹೊರಗಿನವನು. ಒಂದು ಮಡಿಚುವ ಮೇಜು, ಎರಡು ಸ್ಟೂಲು, ಕಾಗದ ಹಾರದಂತೆ ಮೇಲಿಡಲು ಲಾರಿಯ ಒಂದು ಹಳೆಯ ಬೇರಿಂಗು, ಇಷ್ಟೇ ಆಸ್ತಿ. ಸ್ಕೂಟರು ಕಾರಿನವರು ಕೊಳ್ಳುವಾಗಲೇ ಒಂದೇ ಸಲ ತೆರಿಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. ನನ್ನ ಅನ್ನ ಇದ್ದದ್ದು ಮೂರು ತಿಂಗಳಿಗೊಮ್ಮೆ ಕಟ್ಟಬೇಕಾದ ಲಾರಿ, ಟೆಂಪೋದವರ ಕೈಯಲ್ಲಿ. ನನ್ನ ಅಕ್ಷರ ದುಂಡಗಿತ್ತು. ಅದರ ಜಂಬವೂ ಸಾಕಷ್ಟಿತ್ತು.

೧. ದೇವರ ಪಕ್ಕದ ಟೋಕನ್

ಆಗ ತೆರಿಗೆ ಕಟ್ಟಿದ್ದಕ್ಕೆ ಒಂದು ಪುಟ್ಟ ಕಾಗದದ ಟೋಕನ್ ಕೊಡುತ್ತಿದ್ದರು. ಅದನ್ನು ಗಾಡಿಯ ಮುಂದಿನ ಗಾಜಿಗೆ ಅಂಟಿಸಬೇಕು. ದಾರಿಯಲ್ಲಿ ತಡೆದವರಿಗೆ ಅದರ ಮೇಲಿನ ತಾರೀಕು ಕಾಣಬೇಕು.

ಗುಬ್ಬಿಯಿಂದ ಒಬ್ಬ ಯಜಮಾನರು ಬರುತ್ತಿದ್ದರು. ತೆಂಗಿನಕಾಯಿ ಸಾಗಿಸುವ ಟೆಂಪೋ ಅವರದು, ಡ್ರೈವರೂ ಅವರೇ. ನಾನು ಮೊದಲ ಸಲ ಅವರ ಅರ್ಜಿ ಬರೆದ ಮೇಲೆ ಮೂರು ತಿಂಗಳು ಗಾಡಿ ಒಂದು ಸಲವೂ ಪಂಕ್ಚರ್ ಆಗಲಿಲ್ಲವಂತೆ. ಅಲ್ಲಿಂದ ಮುಂದೆ ಅವರು ಬೇರೆ ಯಾರ ಕೈಯಲ್ಲೂ ಬರೆಸಲಿಲ್ಲ. ಒಮ್ಮೆ ನನಗೆ ಜ್ವರ ಬಂದು ಮೇಜು ಹಾಕಿರಲಿಲ್ಲ. ಪಕ್ಕದಲ್ಲೇ ಇನ್ನೂ ಮೂವರು ಬರೆಯುವವರಿದ್ದರೂ ಗುಬ್ಬಿಗೆ ವಾಪಸು ಹೋಗಿ ಮರುದಿನ ಮತ್ತೆ ಬಂದರು.

ಟೋಕನ್ ಅವರ ಪಾಲಿಗೆ ಪ್ರಸಾದ ಇದ್ದಂತೆ. ಗಾಜಿಗೆ ಅಂಟಿಸಿದ್ದ ದೇವರ ಪಟದ ಪಕ್ಕದಲ್ಲೇ ಅದನ್ನೂ ಅಂಟಿಸಿ, ಶುಕ್ರವಾರ ಪಟಕ್ಕೆ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದರು. ಹೀಗೆ ಒಂದು ಶುಕ್ರವಾರ ಇನ್‌ಸ್ಪೆಕ್ಟರೊಬ್ಬರು ಗಾಡಿ ತಡೆದು ನೋಡಿದರೆ, ಸರಿಯಾಗಿ ತಾರೀಕಿನ ಮೇಲೇ ಬೊಟ್ಟು ಕೂತಿದೆ. ಒರೆಸಿ ತೋರಿಸಿ ಅಂದರಂತೆ.

ಯಜಮಾನರು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ, "ಶುಕ್ರವಾರ ಕುಂಕ್ಮ ಒರ್ಸಕ್ಕಾಯ್ತದಾ ಸ್ವಾಮಿ? ನಾಳೆ ಬನ್ನಿ" ಅಂದರಂತೆ.

ಕಚೇರಿಯ ಕಿಟಕಿಗಳಲ್ಲಿ ತಾವು ಜೀವಮಾನವೆಲ್ಲ ಕೇಳಿದ್ದ ಮಾತನ್ನು ಅಷ್ಟು ಸಲೀಸಾಗಿ ವಾಪಸು ಕೊಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

೨. ಎಲ್ಲರದೂ ಒಂದೇ ನಂಬರು

ಆಮೇಲೆ ಕಂಪ್ಯೂಟರು ಬಂತು. ಅರ್ಜಿಯಲ್ಲಿ ಮೊಬೈಲ್ ನಂಬರಿಗೆಂದು ಒಂದು ಹೊಸ ಜಾಗ ಬಂತು. ಅದನ್ನು ಖಾಲಿ ಬಿಟ್ಟರೆ ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮ ಜನಕ್ಕೆ ಆ ಜಾಗ ಕಂಡರೆ ಅನುಮಾನ. ಒಬ್ಬರಿಗೆ ತಮ್ಮ ನಂಬರೇ ಬಾಯಿಗೆ ಬರುವುದಿಲ್ಲ. ಇನ್ನೊಬ್ಬರು ಸರ್ಕಾರದವರು ಫೋನ್ ಮಾಡಿ ಕರೆಸಿಕೊಂಡರೆ ಗತಿಯೇನು ಅನ್ನುತ್ತಾರೆ. ಗುಬ್ಬಿಯ ಯಜಮಾನರಂತೂ, "ನಿಮ್ದೇ ಹಾಕಿ ಸ್ವಾಮಿ, ನೀವು ಬ್ಯಾರೆ ನಾವು ಬ್ಯಾರೆಯಾ?" ಅಂದುಬಿಟ್ಟರು. ನನಗೂ ಅದು ಸುಲಭ ಅನ್ನಿಸಿತು. ನನ್ನ ನಂಬರು ನನಗೆ ಬಾಯಿಪಾಠ, ಕೈಗೂ ಪಾಠವಾಗಿತ್ತು. ಗುಬ್ಬಿಯವರು, ಕುಣಿಗಲ್ಲಿನವರು, ಅಂತರಸನಹಳ್ಳಿ ಫ್ಯಾಕ್ಟರಿಗಳಿಗೆ ಮಾಲು ಹೊಡೆಯುವವರು, ಕೊಂಡ ಹಳೇ ಬೈಕನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರು, ಯಾರೇ ಕೂರಲಿ, ಅದನ್ನೇ ದುಂಡಗೆ ಬರೆದು ಕಳಿಸಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಈಗ ಅದಕ್ಕೆ ಪಶ್ಚಾತ್ತಾಪ ಪಡುತ್ತೇನೆ, ಅದು ಬೇರೆ ಮಾತು.

ಸಿಗ್ನಲ್ಲುಗಳಿಗೆ ಕ್ಯಾಮೆರಾ ಬಂದ ಮೇಲೆ ಇದರ ರುಚಿ ಮೊದಲು ಕಂಡವಳು ನನ್ನ ಹೆಂಡತಿ. ಒಂದು ಮಧ್ಯಾಹ್ನ ಊಟಕ್ಕೆ ಬಂದರೆ ನನ್ನ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದಾಳೆ. ಒಂದೇ ಬೆಳಗ್ಗೆ ಮೂರು ದಂಡದ ಮೆಸೇಜು ಬಂದಿವೆ. ಒಂದು ಅಂತರಸನಹಳ್ಳಿಯಲ್ಲಿ ಕೆಂಪು ದೀಪ ದಾಟಿದ್ದಕ್ಕೆ, ಒಂದು ಬೈಪಾಸಿನಲ್ಲಿ ಅತಿ ವೇಗಕ್ಕೆ, ಇನ್ನೊಂದು ಕುಣಿಗಲ್ಲಿನಲ್ಲಿ ಹೆಂಗಸೊಬ್ಬರನ್ನು ಹಿಂದೆ ಕೂರಿಸಿಕೊಂಡು ಹೆಲ್ಮೆಟ್ ಇಲ್ಲದೆ ಹೋದದ್ದಕ್ಕೆ, ಫೋಟೋ ಸಮೇತ.

ನಾನು ಎಲ್ಲ ವಿವರಿಸಿದೆ. ಮೊದಲೆರಡನ್ನು ಅವಳು ತಕ್ಷಣ ನಂಬಿದಳು. ಮೂರನೆಯದರ ಫೋಟೋವನ್ನು ಮಾತ್ರ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿ, "ಅಂಗಿ ನಿಮ್ಮದಲ್ಲ, ಅಷ್ಟಕ್ಕೆ ಬಚಾವಾದ್ರಿ" ಅಂದಳು.

೩. ಪಕ್ಕದ ಹಾಸಿಗೆ

ಮತ್ತೆ ಕೆಲವು ವರ್ಷಕ್ಕೆ ಎಲ್ಲವೂ ಆನ್‌ಲೈನ್ ಆಯಿತು. ಟೋಕನ್ ಹೋಯಿತು, ನಾವು ನಿಂತು ಕಾಯುತ್ತಿದ್ದ ಕಿಟಕಿಗೆ ಹಲಗೆ ಬಿತ್ತು, ಹೊಂಗೆ ಮರದ ಕೆಳಗೆ ಬೈಕು ನಿಲ್ಲಿಸತೊಡಗಿದರು. ನನ್ನ ಜೊತೆಯವರು ಒಬ್ಬೊಬ್ಬರೇ ಎದ್ದರು, ಕೊನೆಗೆ ನಾನೂ ಎದ್ದೆ. ಆ ದಿನ ಬೇರಿಂಗನ್ನು ಚೀಲಕ್ಕೆ ಹಾಕಿದವನು ಮತ್ತೆ ತೆಗೆದು, ಖಾಲಿ ಮೇಜಿನ ಮೇಲೆ ಒಂದು ಗಳಿಗೆ ಇಟ್ಟು ನೋಡಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆದರೆ ಕೆಲಸ ಹೋದರೂ ನಂಬರು ಹೋಗಲಿಲ್ಲವಲ್ಲ. ಯಾರು ಎಲ್ಲಿ ಕೂತು ತೆರಿಗೆ ಕಟ್ಟಿದರೂ ಓಟಿಪಿ ಬರುವುದು ನನಗೆ. ಅದು ಹತ್ತು ನಿಮಿಷದಲ್ಲಿ ಸಾಯುತ್ತದೆ, ಅಷ್ಟರಲ್ಲಿ ಅವರು ಫೋನ್ ಮಾಡಬೇಕು, ನಾನು ಓದಿ ಹೇಳಬೇಕು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ದಿನಕ್ಕೊಂದು ಮೆಸೇಜು ಕಳಿಸುತ್ತಿದ್ದರು. ನಾನು ಸ್ನಾನದ ಮನೆಯಿಂದ ತಲೆ ಹೊರಗೆ ಹಾಕಿ ಹೇಳುತ್ತಿದ್ದೆ.

ಹೀಗಿರುವಾಗ ಎಡಗಣ್ಣಿಗೆ ಪೊರೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದೆ. ಕಣ್ಣಿಗೆ ಪಟ್ಟಿ, ಅಲುಗಾಡುವಂತಿಲ್ಲ, ಓದುವಂತಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ತಿಂಗಳ ಮೊದಲ ವಾರ, ತೆರಿಗೆ ಕಟ್ಟುವವರ ಸುಗ್ಗಿ. ಪಾಪ, ನರ್ಸಮ್ಮ ಒಬ್ಬರು ಕನಿಕರಪಟ್ಟು ನಿಂತು, ಒಂದೊಂದೇ ಓಟಿಪಿ ಗಟ್ಟಿಯಾಗಿ ಓದತೊಡಗಿದರು. ನಾನು ಅದನ್ನು ಫೋನಿಗೆ ಒಪ್ಪಿಸುತ್ತಿದ್ದೆ. ಎಂಟನೆಯದಕ್ಕೆ ಅವರಿಗೂ ಸಾಕಾಯಿತು. ಇದೇನು ಸಾರ್ ನೀವು, ಬ್ಯಾಂಕ್ ಮ್ಯಾನೇಜರಾ ಅಂತ ಕೇಳಿದರು.

ನಾನು ಉತ್ತರ ಕೊಡುವ ಮೊದಲೇ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಪಕ್ಕದ ಹಾಸಿಗೆಯವರು, "ಅರ್ಜಿ ಬರೆಯೋ ಸ್ವಾಮ್ಯೋರಾ? ಧ್ವನಿ ಮೇಲೆ ಗೊತ್ತಾಯ್ತು. ಹಂಗೇ ನಂದೂ ಒಂದು ಬಂದೈತಾ ನೋಡುಸ್ರಿ" ಅಂದರು.

೪. ಅಡಕತ್ತರಿ

ಎಲ್ಲರೂ ಇದಕ್ಕೆ ನಗುತ್ತಾರೆ. ನನಗೆ ಆ ದಿನ ಸಿಟ್ಟು ನೆತ್ತಿಗೇರಿತ್ತು. ನನ್ನನ್ನು ಮರದ ಕೆಳಗಿನಿಂದ ಎಬ್ಬಿಸಿದ್ದೂ ಇದೇ ವ್ಯವಸ್ಥೆ, ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತಿರುವುದೂ ಇದೇ ವ್ಯವಸ್ಥೆ ಅನ್ನಿಸಿತು. ಮನೆಗೆ ಬಂದವನೇ ಸಿಮ್ ಹೊರಗೆ ತೆಗೆದೆ. ನನ್ನ ಹೆಂಡತಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಅವಳ ಕೈಯಿಂದ ಅಡಕತ್ತರಿ ಕಸಿದುಕೊಂಡು ಸಿಮ್ಮನ್ನು ಎರಡು ಹೋಳು ಮಾಡಿದೆ. ಮರುದಿನ ಹೊಸ ನಂಬರು ತಂದು ನೆಂಟರಿಗಷ್ಟೇ ಕೊಟ್ಟೆ.

ಅಷ್ಟೂ ಗಾಡಿಯವರು ಏನು ಮಾಡುತ್ತಾರೆ ಅಂತ ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಮನೆಯಲ್ಲಿ ಎಷ್ಟೊಂದು ನಿಶ್ಶಬ್ದವಾಯಿತೆಂದರೆ, ಮೂರನೆಯ ದಿನ ಹೆಂಡತಿಯೇ ಫೋನ್ ಕೆಟ್ಟಿದೆಯಾ ನೋಡಿ ಅಂದಳು.

೫. ಬ್ಲೌಸಿನ ಅಳತೆ ಪುಸ್ತಕ

ಒಂದು ವರ್ಷದ ಮೇಲಾಗಿತ್ತು. ಕಳೆದ ತಿಂಗಳು ಗೇಟು ಸದ್ದಾಯಿತು. ನೋಡಿದರೆ ಗುಬ್ಬಿಯ ಯಜಮಾನರು. ತುಂಬ ಇಳಿದುಹೋಗಿದ್ದರು. ಮೆಟ್ಟಿಲನ್ನು ಕಾಲಲ್ಲಿ ತಡವಿ ತಡವಿ ಹತ್ತಿದರು. ಹೊಂಗೆ ಮರದ ಹತ್ತಿರ ಎರಡು ಸಲ ಬಂದು ಹುಡುಕಿದರಂತೆ, ಆಮೇಲೆ ಮರಳೂರಿನ ಅಂಗಡಿ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದರಂತೆ.

ವಿಷಯ ಇಷ್ಟು. ಅವರ ಕಣ್ಣು ಮಂಜಾಗಿದೆ, ಇನ್ನು ಸರಿಹೋಗುವುದಿಲ್ಲ ಅಂದಿದ್ದಾರೆ ಡಾಕ್ಟರು. ಟೆಂಪೋ ಮಾರಬೇಕು. ಕುಣಿಗಲ್ ಕಡೆಯ ಇಟ್ಟಿಗೆ ಗೂಡಿನವರು ಒಪ್ಪಿದ್ದಾರೆ, ನಾಳೆಯವರೆಗೆ ಕಾಯುತ್ತಾರೆ. ತೆರಿಗೆ ಕಟ್ಟದೆ ಹೆಸರು ಬದಲಾಗುವುದಿಲ್ಲ, ಓಟಿಪಿ ಇಲ್ಲದೆ ತೆರಿಗೆ ಕಟ್ಟಲಾಗುವುದಿಲ್ಲ, ಓಟಿಪಿ ಹೋಗುವುದು ನನ್ನ ಹಳೆಯ ನಂಬರಿಗೆ. ನಂಬರು ಬದಲಾಯಿಸೋಣವೆಂದರೆ ಅದಕ್ಕೂ ಒಂದು ಓಟಿಪಿ ಬೇಕು, ಅದೂ ಆ ಹಳೆಯ ನಂಬರಿಗೇ ಹೋಗುತ್ತದೆ.

ಬೇರೆ ಗಿರಾಕಿ ಸಿಗುತ್ತಾರೆ, ನಿಧಾನಕ್ಕೆ ಮಾರಿದರಾಯಿತು ಅಂದೆ.

"ಹಂಗಲ್ಲ ಸ್ವಾಮಿ" ಅಂದರು. "ಗಾಡಿ ಮನೆ ಮುಂದೆ ನಿಂತಿದ್ರೆ ನಾನು ಹತ್ತೇ ಹತ್ತುತೀನಿ. ಮೊನ್ನೆ ಹತ್ತಿದ್ದೆ. ಇಸ್ಕೂಲು ಬಿಡೋ ಹೊತ್ತು. ಒಂದು ಮಗು ಅಡ್ಡ ಬಂತು, ನಂಗೆ ಕಾಣ್ಲೇ ಇಲ್ಲ. ಯಾರೋ ಕೂಗುದ್ರು, ಬ್ರೇಕ್ ಹಾಕ್ದೆ. ಆ ಗಾಡಿ ನಮ್ಮನೆಯಿಂದ ಹೋಗ್ಬುಡ್ಲಿ."

ಸಿಟ್ಟಿನಲ್ಲಿ ನಾನು ಕತ್ತರಿಸಿದ ಒಂದು ಚೂರು ಪ್ಲಾಸ್ಟಿಕ್ಕು ಎಲ್ಲಿಗೆ ತಂದು ನಿಲ್ಲಿಸಿತ್ತು ನೋಡಿ. ನಾಚಿಕೆಯಾಯಿತು. ಆ ನಂಬರಿಗೆ ನೀವು ಫೋನ್ ಮಾಡಲಿಲ್ಲವಾ ಅಂತ ಕೇಳಿದೆ. ನಾಲ್ಕು ಸಲ ಮಾಡಿದರಂತೆ. ನಾಲ್ಕು ಸಲವೂ ಯಾರೋ ಹೆಂಗಸು ಎತ್ತಿದರಂತೆ. ಅದು ನನ್ನ ಹೆಂಡತಿಯೇ ಇರಬೇಕೆಂದು, ಗಂಡನಿಲ್ಲದ ಹೊತ್ತಿನಲ್ಲಿ ಹೆಣ್ಣುಮಕ್ಕಳ ಜೊತೆ ಮಾತಾಡುವುದು ಮರ್ಯಾದೆಯಲ್ಲವೆಂದು, ನಾಲ್ಕು ಸಲವೂ ಬಾಯಿ ಬಿಡದೆ ಫೋನ್ ಇಟ್ಟುಬಿಟ್ಟರಂತೆ. ಅಂದರೆ ನಂಬರು ಈಗ ಬೇರೆ ಯಾರದೋ ಪಾಲಾಗಿದೆ ಅಂತ ನನಗೆ ಅರ್ಥವಾಯಿತು.

ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಮ್ಮ ಬಡಾವಣೆಯ ಸೈಬರ್ ಸೆಂಟರಿಗೆ ಹೋದೆ. ಅಲ್ಲಿನವರು ಟೆಂಪೋ ನಂಬರು ಒತ್ತಿ, ಇನ್ನು ಓಟಿಪಿ ಹೇಳಿ ಅಂದರು. ನಾನು ನನ್ನ ಹಳೆಯ ನಂಬರಿಗೆ ಫೋನ್ ಮಾಡಿ, ಯಜಮಾನರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ. ಬೈಗುಳ ತಿನ್ನಲು ತಯಾರಾಗಿಯೇ ಇದ್ದೆ.

ಆ ಕಡೆಯಿಂದ ಹೆಂಗಸಿನ ಧ್ವನಿ ಹಲೋ ಕೂಡ ಅನ್ನಲಿಲ್ಲ. "ಯಾವ್ ಗಾಡಿ? ಕೊನೇ ನಾಲ್ಕು ನಂಬರ್ ಹೇಳಿ" ಅಂದಿತು.

ಹೇಳಿದೆ. ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು. "ಗುಬ್ಬಿ ತೆಂಗಿನ್ಕಾಯಿ ಟೆಂಪೋನಾ? ಇದ್ರ ಓಟಿಪಿ ಬಂದಾಗ್ಲೆಲ್ಲ ಫೋನ್ ಮಾಡಿ ನಾಕು ಸಲಾನೂ ಸುಮ್ಕೆ ಇಟ್ಬುಟ್ರಲ್ಲ, ಅವ್ರಾ? ತಗಳಿ, ಬರ್ಕಳಿ" ಅಂತ ಆರು ಅಂಕಿ ಹೇಳಿದರು. ಸೈಬರಿನವರು ಒತ್ತಿದರು. ತೆರಿಗೆ ಕಟ್ಟಿದ್ದಾಯಿತು. ಯಜಮಾನರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೈಮುಗಿದರು.

ನಾನು ಆಕೆಯನ್ನು ವಿಚಾರಿಸಿದೆ. ಕುಣಿಗಲ್ಲಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವರಂತೆ. ಈ ನಂಬರು ತೆಗೆದುಕೊಂಡ ಮೊದಲ ವಾರ ಎಲ್ಲರಿಗೂ ಬೈದರಂತೆ. ಆಮೇಲೆ, ಪಾಪ, ಎಲ್ಲೋ ಬಿಸಿಲಲ್ಲಿ ನಿಂತು ಕಾಯುತ್ತಿರುತ್ತಾರೆ ಅನ್ನಿಸಿತಂತೆ. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗಾಡಿ ನಂಬರುಗಳನ್ನು, ಯಾವುದು ಯಾರದೆಂದು ಫೋನ್ ಮಾಡಿದವರನ್ನೆಲ್ಲ ಕೇಳಿ, ಬರೆದಿಟ್ಟುಕೊಂಡಿದ್ದಾರಂತೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಇಪ್ಪತ್ತೆಂಟು ವರ್ಷ ಗಾಡಿಯವರದೇ ಅನ್ನ ತಿಂದ ನಾನು ಒಂದು ದಿನದ ಸಿಟ್ಟಿಗೆ ಬಿಟ್ಟುಬಂದದ್ದನ್ನು ಗುರುತಿಲ್ಲದ ಹೆಣ್ಣುಮಗಳೊಬ್ಬರು ಹೊಲಿಗೆಯ ನಡುವೆ ಮಾಡುತ್ತಿದ್ದರು.

"ಮೊದ್ಲು ಈ ನಂಬ್ರು ಒಬ್ರು ಅರ್ಜಿ ಬರೆಯೋರದಂತೆ" ಅಂದರು ಆಕೆ. "ಭಾಳ ಒಳ್ಳೆಯೋರಂತೆ. ತೀರ್ಕಂಬುಟ್ರಂತೆ. ಬದುಕಿದ್ರೆ ನಮ್ಮನ್ನ ಹಿಂಗೆ ನಡುದಾರೀಲಿ ಬುಟ್ಬುಡ್ತಿದ್ರಾ ಅಂತಾರೆ ಎಲ್ರೂವೆ."

ಸೈಬರಿನವರು ನನ್ನ ಮುಖ ನೋಡಿದರು. ಯಜಮಾನರು ಕಣ್ಣು ಬಿಟ್ಟರು. ನಾನು ಬದುಕಿದ್ದೇನೆ ಅನ್ನಲು ಬಾಯಿ ಬರಲಿಲ್ಲ. ಹಾಗೆ ಅಂದರೆ, ಮತ್ತೆ ಯಾಕೆ ಬಿಟ್ಟಿರಿ ಅಂತ ಕೇಳುತ್ತಾರಲ್ಲ. ತಾವು ಯಾರು ಅಂತ ಆಕೆಯೇ ಕೇಳಿದರು. ಅವರ ಮನೆಯವನೇ ಅಂದೆ.

"ಮನೆಯೋರಾ? ಒಳ್ಳೇದಾಯ್ತು ಬುಡಿ, ಒಂದ್ ವಿಷ್ಯ ಹೇಳ್ಬೇಕಿತ್ತು. ಅವ್ರದೇ ಹೆಸ್ರಲ್ಲಿರೋ ಸ್ಕೂಟ್ರಿಗೆ ದಂಡದ ಮೆಸೇಜ್ ಬಂದೈತೆ, ಹೋದ್ ವಾರ, ಗುಬ್ಬಿ ಗೇಟಲ್ಲಿ, ಹೆಲ್ಮೆಟ್ ಇಲ್ದೆ. ಸತ್ತೋರ್ ಗಾಡಿ ಯಾರೋ ಮುದುಕಪ್ಪ ಓಡಿಸ್ಕಂಡ್ ತಿರುಗ್ತಾವ್ನೆ. ಫೋಟೋ ಐತೆ, ಕಂಪ್ಲೇಂಟ್ ಕೊಡಿ."

ನೋಡಿಕೊಳ್ಳುತ್ತೇನೆ ತಾಯಿ ಅಂತ ಹೇಳಿ ಫೋನ್ ಇಟ್ಟೆ.

ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕಿದೆ. ಯಜಮಾನರು ಕೂಡಲೇ ಹಿಂದೆ ಹತ್ತಲಿಲ್ಲ. ಕೊಕ್ಕೆಗೆ ನೇತುಬಿದ್ದಿದ್ದ ಹೆಲ್ಮೆಟ್ಟನ್ನು ತಡವಿ ಹುಡುಕಿ ತೆಗೆದು, ಎರಡೂ ಕೈಯಲ್ಲಿ ನನ್ನ ತಲೆಗೆ ಹಾಕಿ, ಕತ್ತಿನ ಪಟ್ಟಿಯನ್ನೂ ತಾವೇ ಬಿಗಿದರು.

"ಸತ್ತಿದ್ದು ಒಂದ್ಸಲ ಸಾಕು ಸ್ವಾಮಿ" ಅಂದರು. "ನಿಧಾನಕ್ಕೆ ಹೋಗಿ."