ನನ್ನ ಹಾಡು ಪ್ಲೇಟಾದದ್ದು

ಕಿರಾಣಿ ಅಂಗಡಿಯಲ್ಲಿ ಕೂತು ಬೆಲ್ಲ, ಎಣ್ಣೆ ಮಾರುವಾಗ ನನಗೆ ನಗೆಪಾಟಲಿನ ಪ್ರಸಂಗ ಒಂದೂ ಬರುವುದಿಲ್ಲ. ಹಾಡು ಅಂತ ಎದ್ದೆನೋ, ಒಂದಿಲ್ಲೊಂದು ಆಗೇ ತೀರುತ್ತದೆ. ನಾನೇ ಬರೆದು, ನಾನೇ ಧಾಟಿ ಹಾಕಿ, ನಾನೇ ಬಾರಿಸಿ ಹಾಡಿದ ನಾಲ್ಕು ಹಾಡು ಎರಡು ಗ್ರಾಮೋಫೋನ್ ಪ್ಲೇಟುಗಳಾಗಿ ಹೊರಬಂದ ಕಾಲದಲ್ಲಿ, ಅಂದರೆ ಐವತ್ತರ ದಶಕದಲ್ಲಿ, ಇಂಥವು ಸಾಲುಗಟ್ಟಿ ಬಂದವು. ಆಗ ಪೇಚಾಡಿದ್ದೆ. ಈಗ ಹೇಳಲಿಕ್ಕೆ ಅಡ್ಡಿಯಿಲ್ಲ.

ಹೊಲಿಗೆ ಮಶೀನು

ಹರೆಯದಲ್ಲಿ ಆರು ವರ್ಷ ನಾಟಕ ಕಂಪನಿಯಲ್ಲಿ ಕಾಲಪೇಟಿ ಬಾರಿಸಿದೆ. ಕಾಲಪೇಟಿ ಎಂದರೆ ಕಾಲಿನಿಂದ ಗಾಳಿ ತುಂಬುತ್ತ ಎರಡೂ ಕೈಯಿಂದ ಬಾರಿಸುವ ದೊಡ್ಡ ಹಾರ್ಮೋನಿಯಂ. ಕಂಪನಿ ಮುರಿದಾಗ ಒಬ್ಬೊಬ್ಬರಿಗೆ ಒಂದೊಂದು ಪಾಲು ಬಂತು. ರಾಜನ ಪಾತ್ರದವನಿಗೆ ಪರದೆಗಳು, ನನಗೆ ಕಾಲಪೇಟಿ. ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ನಮ್ಮೂರು ಸನಮಡಿಗೆ ತಂದು ಪಡಸಾಲೆಯಲ್ಲಿ ಇಳಿಸಿದೆ. ಮೇಲೆ ಬಟ್ಟೆ ಹೊದಿಸಿದ್ದೆ. ಕೆಳಗೆ ಕಾಲಿನಿಂದ ತುಳಿಯುವ ಎರಡು ಪಾವಟಿಗೆ ಮಾತ್ರ ಕಾಣುತ್ತಿದ್ದವು.

ಮರುದಿನ ಮುಂಜಾನೆ ಎದುರುಮನೆಯ ಕುರುಬರ ಅಜ್ಜಿ ಒಂದು ಕುಬಸದ ಖಣ ಹಿಡಿದುಕೊಂಡು ಬಂದಳು.

"ತೋಳು ಮೊಳಕೈ ಮಟ ಬರಬೇಕು ನೋಡಪಾ. ಕಂಕಳದಾಗ ಬಿಗಿ ಮಾಡಬ್ಯಾಡ."

"ಇದು ಹೊಲಿಯೂದಲ್ಲಬೇ ಅಜ್ಜಿ, ಹಾಡೂದು," ಅಂದೆ.

ಆಕೆಗೆ ನಂಬಿಕೆ ಬರಲಿಲ್ಲ. ಬಟ್ಟೆ ತೆಗೆದು, ಕೂತು, ನಾನು ಹೊಸದಾಗಿ ಬರೆದಿದ್ದ ಹಾಡೊಂದನ್ನು ಮನಸ್ಸಿಟ್ಟು ಹಾಡಿದೆ. ಊರಲ್ಲಿ ನನ್ನ ಸ್ವಂತ ಹಾಡನ್ನು ಮೊದಲು ಕೇಳಿದವಳು ಆಕೆಯೇ. ಗಲ್ಲಕ್ಕೆ ಕೈಯಿಟ್ಟು ಕಡೇತನಕ ಕೇಳಿದಳು. ಏನನ್ನುತ್ತಾಳೋ ಎಂದು ಕಾದೆ.

"ಚಲೋ ಐತಿ," ಅಂದಳು. "ಆದ್ರ ಇಷ್ಟ ಸಪ್ಪಳ ಮಾಡ್ತೈತಂದ್ರ ಎಣ್ಣಿ ಹಾಕಬೇಕು ಅದಕ್ಕ. ನಿಮ್ಮ ಅಂಗಡ್ಯಾಗ ಐತಲ್ಲ."

ಊರು ಎಲ್ಲಿ ಹೋಯಿತು

ಊರವರು ಕೇಳಿ ಕೇಳಿ ಹಾಡಿಸತೊಡಗಿದ ಮೇಲೆ, ಇವು ಪ್ಲೇಟಾಗಬೇಕು ಎಂಬ ಆಸೆ ಹತ್ತಿತು. ಮುಂಬೈಯ ಒಂದು ಪ್ಲೇಟಿನ ಕಂಪನಿಗೆ ಕಾಗದ ಬರೆದೆ. ಆಗಷ್ಟೇ ರಾಜ್ಯಗಳ ವಿಂಗಡಣೆಯಾಗಿ ವಿಜಾಪುರ ಮೈಸೂರಿನ ಕಡೆ ಹೋಗಿತ್ತು, ನಮ್ಮ ಜತ್ತ ತಾಲೂಕು ಮುಂಬೈ ಕಡೆ ಉಳಿದಿತ್ತು. ಕಂಪನಿಯವರು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಉತ್ತರ ಬರೆದರು: ಕನ್ನಡದ ಹಾಡನ್ನು ಇನ್ನು ಮೇಲೆ ಆ ಕಡೆಯವರೇ ನೋಡಿಕೊಳ್ಳುತ್ತಾರೆ, ಅಲ್ಲಿ ಕೇಳಿರಿ.

ಸರಿ, ಹುಬ್ಬಳ್ಳಿಗೆ ಹೋದೆ. ಅಲ್ಲಿ ಪ್ಲೇಟು ಮಾಡಿಸಿ ಮಾರುವ ವ್ಯಾಪಾರಿಯೊಬ್ಬರು ನನ್ನನ್ನು ಗಾದಿಯ ಮೇಲೆ ಕೂಡಿಸಿಕೊಂಡು ಎರಡು ಹಾಡು ಕೇಳಿದರು. ತಲೆದೂಗಿದರು. ಆಮೇಲೆ, "ಯಾವೂರ್ರಿ ನಿಮ್ದು?" ಅಂದರು.

"ಜತ್ತ ತಾಲೂಕು, ಸನಮಡಿರಿ."

"ಅಯ್ಯ, ಅದು ಆ ಕಡಿ ಹೋತಲ್ರಿ."

"ಇಲ್ರಿ," ಅಂದೆ. "ನಿನ್ನಿ ಮುಂಜಾನಿ ನಾ ಹೊರಡೂವಾಗ ಇದ್ದಲ್ಲೇ ಇತ್ತು."

ಅವರು ನಕ್ಕರು, ಚಹಾ ಕುಡಿಸಿದರು, ಬಸ್ ಸ್ಟ್ಯಾಂಡಿನ ದಾರಿ ತೋರಿಸಿದರು.

ಎರಡು ರೊಟ್ಟಿಯ ಹಾಡು

ಆ ಕಡೆಯವರಿಗೂ ಬೇಡ, ಈ ಕಡೆಯವರಿಗೂ ಬೇಡ ಅಂದ ಮೇಲೆ ನಾನೇ ಮಾಡಿಸುತ್ತೇನೆ ಎಂದು ನಿರ್ಧಾರ ಮಾಡಿದೆ. ಯಾರು ಬೇಕಾದರೂ ಬಾಡಿಗೆ ಕೊಟ್ಟು ಹಾಡಬಹುದಾದ ಒಂದು ರೆಕಾರ್ಡಿಂಗ್ ಕೋಣೆ ಮುಂಬೈಯಲ್ಲಿತ್ತು. ಅವರದು ಒಂದೇ ಕರಾರು. ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ಅದರ ಮೇಲೆ ಸ್ವಲ್ಪ ಚೂರುಪಾರು. ಹಾಡು ಅಷ್ಟರಲ್ಲಿ ಮುಗಿಯಬೇಕು.

ನಮ್ಮ ಕಡೆ ಹಾಡುವವರು ಒಂದು ಸಾಲನ್ನು ಏಳು ಸಲ ತಿರುವಿ ತಿರುವಿ ಹಾಡುವವರು. ಕೇಳುವವರಿಗೂ ಅದೇ ಬೇಕು. ಮೂರು ನಿಮಿಷದಲ್ಲಿ ನನ್ನ ಪಲ್ಲವಿಯೇ ಮುಗಿಯುತ್ತಿರಲಿಲ್ಲ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಸಾಲಿ ಹೆಡ್ ಮಾಸ್ತರರ ಗಡಿಯಾರ ಒಂದು ದಿನದ ಮಟ್ಟಿಗೆ ತಂದೆ. ಅದನ್ನು ನೋಡುತ್ತ ಹಾಡಿದರೆ ಹಾಡು ತಪ್ಪುತ್ತಿತ್ತು, ಹಾಡು ನೋಡಿಕೊಂಡರೆ ಹೊತ್ತು ತಪ್ಪುತ್ತಿತ್ತು.

ನನ್ನ ಹೆಂಡತಿ ಅಡಿಗೆಮನೆಯಿಂದಲೇ ಇದನ್ನೆಲ್ಲ ಕೇಳುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಹಾಕುತ್ತ, ಗಡಿಯಾರ ನೋಡಿಕೊಂಡು ಲೆಕ್ಕ ಹಿಡಿದಳು. ಮರುದಿನ ಗಡಿಯಾರ ವಾಪಸು ಕಳಿಸಿದಳು.

"ಅದೇನೂ ಬ್ಯಾಡ್ರಿ. ಎರಡು ರೊಟ್ಟಿ ಬೇಯೂದಕ್ಕ ಮೂರು ನಿಮಿಷ. ನೀವು ಹಾಡ್ರಿ, ನಾ ಹೇಳತೀನಿ."

ಅಂದಿನಿಂದ ದಿನಾ ಮುಂಜಾನೆ ಅಭ್ಯಾಸ. ನಾನು ಪಡಸಾಲೆಯಲ್ಲಿ, ಆಕೆ ಒಲೆಯ ಮುಂದೆ. ಮೊದಲ ಹಾಡು ಐದು ರೊಟ್ಟಿ ಆಯಿತು. ಆಲಾಪ ತೆಗೆದೆ, ನಾಲ್ಕು. ತಿರುವುವ ಸಾಲುಗಳನ್ನು ಬಿಟ್ಟೆ, ಮೂರು. ಇನ್ನೊಂದು ರೊಟ್ಟಿ ಮಾತ್ರ ಕಡಿಮೆಯಾಗಲೊಲ್ಲದು. ಎಲ್ಲಿ ಕತ್ತರಿಸಲಿ ಎಂದು ಹಾಳೆ ಹಿಡಿದುಕೊಂಡು ಅರ್ಧ ದಿನ ಕೂತೆ. ಒಂದೊಂದು ಮಾತೂ ಕರುಳಿನಂತೆ ಕಾಣುತ್ತಿತ್ತು.

"ಕಡೀ ನುಡಿ ತೆಗೀರಿ," ಅಂದಳು.

ಕಡೆಯ ನುಡಿಯಲ್ಲಿ, ಸನಮಡಿಯ ಈ ಬಡ ಗಾಯಕ ಹಾಡಿದ್ದನ್ನು ಲೋಕವೆಲ್ಲ ಕೇಳಲಿ ಎಂದು ನನ್ನ ಬಗ್ಗೆಯೇ ನಾಲ್ಕು ಸಾಲು ಇತ್ತು. "ಅದು ಮುಖ್ಯ ನುಡಿ," ಅಂದೆ ನಾನು.

"ಅದು ಬಂದಾಗೆಲ್ಲ ರೊಟ್ಟಿ ಹೊತ್ತತಾವ್ರಿ," ಅಂದಳು ಆಕೆ, ಶಾಂತವಾಗಿ.

ತೆಗೆದೆ. ಹಾಡು ಎರಡು ರೊಟ್ಟಿಗೆ ಸರಿಯಾಗಿ ಕೂತಿತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚಲೋ ಆಯಿತು, ಆದರೆ ಅದನ್ನು ಆಕೆಯ ಮುಂದೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು.

ತಲೆದಿಂಬು

ಮುಂಬೈಗೆ ಕಾಲಪೇಟಿ ಒಯ್ಯುವುದು ಆಗದ ಮಾತು. ಅಲ್ಲಿ ಪೇಟಿ ಇದೆ ಎಂದು ಬರೆದಿದ್ದರು. ಹೋಗಿ ನೋಡಿದರೆ ಇದ್ದದ್ದು ಪಿಯಾನೊ. ಕಪ್ಪಗೆ ಎಮ್ಮೆಯ ಹಾಗೆ ಹೊಳೆಯುತ್ತ ಕೋಣೆಯ ಅರ್ಧ ಜಾಗದಲ್ಲಿ ನಿಂತಿತ್ತು. ಬೆರಳಿಡುವ ಮನೆಗಳು ಮಾತ್ರ ನನ್ನ ಪೇಟಿಯವೇ, ಬಿಳಿ ಕರಿ. ಕೆಳಗೆ ಪಾವಟಿಗೆಯೂ ಇದ್ದವು. ಇನ್ನೇನು ಬೇಕು ಎಂದು ಕೂತು ಸುರು ಮಾಡಿದೆ.

ಸ್ವರ ಒಂದರ ಮೇಲೊಂದು ಬಿದ್ದು ಕಲಸಿದ ಹಿಟ್ಟಿನಂತಾಯಿತು. ಗಾಳಿ ಸಾಲದೇನೋ ಎಂದು ಇನ್ನಷ್ಟು ಜೋರಾಗಿ ತುಳಿದೆ. ರೆಕಾರ್ಡಿಂಗ್ ಮಾಡುವ ಮರಾಠಿ ಗೃಹಸ್ಥರು ಗಾಜಿನ ಆಚೆಯಿಂದ ಎದ್ದು ಬಂದರು. ಇದಕ್ಕೆ ಗಾಳಿ ಹಾಕುವುದಿಲ್ಲ, ಒಳಗೆ ತಂತಿ ಇವೆ, ಆ ಪಾವಟಿಗೆ ತುಳಿದರೆ ಸ್ವರ ನಿಲ್ಲದೆ ಗುಂಯ್‌ಗುಡುತ್ತವೆ ಎಂದು ತಿಳಿಸಿ ಹೇಳಿದರು. "ಪಾಯ ಶಾಂತ ಠೇವಾ," ಕಾಲು ಸುಮ್ಮನಿಡಿ ಅಂದರು.

ಕಾಲು ಸುಮ್ಮನಿಟ್ಟೆ. ಬಾಯಿಯೂ ಸುಮ್ಮನಾಯಿತು. ಹದಿನೈದು ವರ್ಷ ಕಾಲು ಆಡಿಸುತ್ತಲೇ ಹಾಡಿದವನು. ಕಾಲು ನಿಂತರೆ ಶ್ವಾಸ ಎಲ್ಲಿ ತಗೋಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಮೂರು ಸಲ ಪ್ರಯತ್ನಿಸಿದೆವು, ಮೂರೂ ಸಲ ಹಾಳಾಯಿತು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗಬೇಕಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಆ ಗೃಹಸ್ಥರು ಹೊರಗೆ ಹೋದರು. ತಾವು ಮಧ್ಯಾಹ್ನ ಒರಗುತ್ತಿದ್ದ ತಲೆದಿಂಬು ತಂದು, ಪಾವಟಿಗೆಯ ಈಚೆಗೆ ನನ್ನ ಕಾಲಕೆಳಗೆ ಇಟ್ಟರು. ಅದನ್ನು ತುಳಿಯುತ್ತ ನಾಲ್ಕೂ ಹಾಡು ಹಾಡಿದೆ. ಒಂದೂ ತಪ್ಪಲಿಲ್ಲ. ಕೊನೆಗೆ ಅವರು ದಿಂಬು ಎತ್ತಿ ಧೂಳು ಕೊಡವಿ ನೋಡಿದರು. ಹತ್ತಿ ಎಲ್ಲ ಎರಡು ಮೂಲೆ ಸೇರಿತ್ತು.

"ಪ್ಲೇಟಿನ ಮೇಲೆ ಬಾರಿಸಿದವರ ಹೆಸರು ನಿಮ್ಮದು ಹಾಕುತ್ತೇನೆ," ಅಂದರು. "ನನ್ನ ದಿಂಬಿನದು ಹಾಕುವುದು ಬೇಡ."

ಬಿಡುಗಡೆ

ಪ್ಲೇಟು ಬಂದವು. ಊರ ಮಂದಿಯನ್ನು ಕೂಡಿಸಿ ಕೇಳಿಸಬೇಕು ಎಂದುಕೊಂಡೆ. ಅದಕ್ಕೆ 'ಬಿಡುಗಡೆ' ಎನ್ನಬೇಕು, ಘನವಾಗಿರುತ್ತದೆ ಎಂದು ಹೆಡ್ ಮಾಸ್ತರರು ಹೇಳಿಕೊಟ್ಟರು. ಬೆಳುಂಕಿಯಲ್ಲಿದ್ದ ನನ್ನ ಸೋದರತ್ತೆಗೆ ಅವಸರದಲ್ಲಿ ಒಂದು ಕಾರ್ಡು ಬರೆದೆ. 'ಪ್ಲೇಟಿನ' ಎಂಬ ಮಾತು ಬಿಟ್ಟುಹೋಗಿತ್ತು. ಹೀಗಾಗಿ ಓದಿ ಹೇಳಿದವರು ಅತ್ತೆಗೆ ಹೇಳಿದ್ದಿಷ್ಟು: ಮುಂಬೈಯಿಂದ ಬಂದಿದ್ದೇನೆ, ಸೋಮವಾರ ಮುಂಜಾನೆ ನನ್ನ ಬಿಡುಗಡೆ, ತಪ್ಪದೆ ಬರ್ರಿ.

ಸೋಮವಾರ ಪಡಸಾಲೆ ತುಂಬಿತ್ತು. ಹೆಡ್ ಮಾಸ್ತರರು ಭಾಷಣಕ್ಕೆ ಎದ್ದಿದ್ದರು. ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡಳು. ತಲೆಯ ಮೇಲೆ ರೊಟ್ಟಿಯ ಗಂಟು, ಕಣ್ಣಲ್ಲಿ ನೀರು. ಮಂದಿಯನ್ನು ಸರಿಸಿಕೊಂಡು ಸೀದಾ ನನ್ನ ಹತ್ತಿರ ಬಂದು ಬೆನ್ನು ಸವರಿದಳು.

"ಹೊಡದ್ರೇನಪಾ?"

"ಯಾರತ್ತಿ?"

"ಹೇಳಬ್ಯಾಡ ಬಿಡು. ಎಲ್ಲಾ ತಿಳೀತೈತಿ ನನಗ. ಬರೂವಾಗ ಗುಡ್ಡಾಪುರಕ್ಕ ಹೋಗಿ ದಾನಮ್ಮಗ ಹರಕಿ ಮುಟ್ಟಿಸಿ ಬಂದೀನಿ."

ಇದಾವುದೂ ತಿಳಿಯದ ಮಾಸ್ತರರು, "ಇಂದು ಬಿಡುಗಡೆಯ ಈ ಶುಭ ಸಂದರ್ಭದಲ್ಲಿ" ಎಂದು ಸುರು ಮಾಡಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅವರಿಗೂ ಕೈಮುಗಿದಳು. "ಇವರೇ ಏನ ನಿನ್ನ ಬಿಡಿಸಿದವರು? ಪುಣ್ಯಾತ್ಮರು," ಅಂದಳು.

ಪಡಸಾಲೆಯಲ್ಲಿ ನಗು ಎದ್ದಿತು. ನಾನು ಅತ್ತೆಯನ್ನು ಗ್ರಾಮೋಫೋನಿನ ಪಕ್ಕದಲ್ಲೇ ಕೂಡಿಸಿ, ಜೈಲೂ ಇಲ್ಲ ಪೊಲೀಸರೂ ಇಲ್ಲ, ಹಾಡಲಿಕ್ಕೆ ಹೋಗಿದ್ದೆ, ಬಿಡುಗಡೆ ಆಗುವುದು ಈ ಪ್ಲೇಟು ಎಂದು ಬಿಡಿಸಿ ಹೇಳಿದೆ. ಆಕೆ ನನ್ನ ಮುಖ ನೋಡಿದಳು, ಪ್ಲೇಟು ನೋಡಿದಳು. ನಂಬಿದಂತೆ ಕಾಣಲಿಲ್ಲ. ಮನೆತನದ ಮರ್ಯಾದೆಗೆ ಮುಚ್ಚಿಡುತ್ತಿದ್ದೇನೆ ಎಂದೇ ಅಂದುಕೊಂಡಿರಬೇಕು.

"ಹಚ್ಚು," ಅಂದಳು. "ಏನು ಮಾಡಿದಿ ಕೇಳೂಣು."

ಹಚ್ಚಿದೆ. ನನ್ನ ಬಾಯಿ ಮುಚ್ಚಿತ್ತು, ನನ್ನ ದನಿ ಪಡಸಾಲೆ ತುಂಬ ಹರಡಿತು. ನಗುತ್ತಿದ್ದವರೆಲ್ಲ ಮುಂದೆ ಸರಿದು ಕೂತರು. ಅತ್ತೆ ಕಿವಿ ಕೊಟ್ಟು, ಹುಬ್ಬು ಗಂಟಿಕ್ಕಿ, ಒಂದೊಂದು ಮಾತನ್ನೂ ತೂಗುವವಳಂತೆ ನಾಲ್ಕೂ ಹಾಡು ಕೇಳಿದಳು. ನಾನು ಮುಂಬೈಯಲ್ಲಿ ಕೂಡ ಅಷ್ಟು ಹೆದರಿರಲಿಲ್ಲ.

ಪ್ಲೇಟು ನಿಂತಿತು. ಅತ್ತೆ ರೊಟ್ಟಿಯ ಗಂಟು ಬಿಚ್ಚಿ ನನ್ನ ಮುಂದಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾ ಪೂರಾ ಕೇಳೀನಿ. ಒಳಗ ಹಾಕೂವಂಥಾದ್ದು ಇದರಾಗ ಏನೂ ಇಲ್ಲ."