ರಿಫೈನರಿ ಗಂಧಕ

ರಿಫೈನರಿಯಲ್ಲಿ ಕಚ್ಚಾ ಎಣ್ಣೆ ಶುದ್ಧಿ ಮಾಡುವಾಗ ಉಳಿಯುವ ಗಂಧಕ ಅಗ್ಗ, ಅದನ್ನೇ ತರಿಸೋಣ ಎಂದು ಗೋದಾಮಿನ ಗುಮಾಸ್ತ ಸಲಹೆ ಕೊಟ್ಟದ್ದೇ ತಪ್ಪಾಯಿತು. ಸಲಹೆ ಕೊಡುವ ಚಟ ಅವನಿಗೆ ಹಿಂದೆಂದೂ ಇರಲಿಲ್ಲ. ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕೆಲಸ ಖಾಲಿಯಾದ ಮೇಲೆ ಅಂಟಿಕೊಂಡಿತ್ತು.

ಹಸಿ ರಬ್ಬರಿಗೆ ಗಂಧಕ ಬೆರೆಸಿ, ಅಚ್ಚಿನಲ್ಲಿಟ್ಟು ಬೇಯಿಸಿದರೆ ಚಪ್ಪಲಿಯ ಅಟ್ಟೆ ತಯಾರು. “ಹೊಸ ಗಂಧಕದಲ್ಲಿ ಅಟ್ಟೆ ಸರಿಯಾಗಿ ಬಂದ್ರೆ ನೀನೇ ಮೇಲ್ವಿಚಾರಕ,” ಎಂದಿದ್ದರು ಧಣಿಗಳು. ಗುಮಾಸ್ತ ಈ ಸುದ್ದಿಯಿಂದ ಭಾವಮೈದುನನ ಹೊಟ್ಟೆ ಉರಿಸಿಯೂ ಆಗಿತ್ತು.

ಹೊಸ ಗಂಧಕ ಬರಬೇಕಿದ್ದ ದಿನ ಬೆಳಿಗ್ಗೆ, ರಬ್ಬರು ಅರೆಯುವ ಯಂತ್ರದ ಪಕ್ಕ ಹಳದಿ ಪುಡಿಯ ಚೀಲವಿತ್ತು. ಹೊಸ ಮಾಲು ಬಂತೆಂದು ಎಲ್ಲರೂ ಅಂದುಕೊಂಡರು. ಗುಮಾಸ್ತ ಗೋದಾಮಿಗೆ ಹೋಗಿ ನೋಡಬಹುದಿತ್ತು. ಆದರೆ ಮೇಲ್ವಿಚಾರಕನಾಗುವವನು ಗೋದಾಮಿಗೆ ಹೋಗುವುದುಂಟೇ?

ಯಂತ್ರದವನು ಮೂಗು ಮುಚ್ಚಿಕೊಂಡ. “ಏನಯ್ಯಾ ಇದು, ಪೆಟ್ರೋಲ್ ಬಂಕಲ್ಲಿ ನಿಂತ ಹಾಗಿದೆ!”

“ನಂಗಂತೂ ಆಗ್ಲೇ ತಲೆ ಸುತ್ತು,” ಎಂದರು ಆಫೀಸಿನ ಅಕ್ಕ. ಕೆಲಸ ಹೆಚ್ಚಿದ್ದ ದಿನವೆಲ್ಲ ಅವರಿಗೆ ತಲೆ ಸುತ್ತುತ್ತಿತ್ತು.

ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಬನಿಯನ್ ಎತ್ತಿ ತೋರಿಸಿದರು. “ನೋಡ್ರಿ, ಒಣಹಾಕಿದ ಬಟ್ಟೆ ಹೇಗೆ ಹಳದಿಯಾಗಿದೆ!” ಅದು ಹಳದಿಯಾಗಿ ವರ್ಷಗಳೇ ಆಗಿದ್ದವು.

ಅಚ್ಚು ನೋಡಿಕೊಳ್ಳುವವನು ಈ ಚರ್ಚೆಯಲ್ಲಿ ಮೈಮರೆತು, ಬೇಯುತ್ತಿದ್ದ ಅಟ್ಟೆಗಳನ್ನೇ ಮರೆತ. ತೆಗೆದಾಗ ಅವು ಸೀದು ಕಲ್ಲಾಗಿದ್ದವು. ಒಂದನ್ನು ಮೇಜಿಗೆ ಕುಟ್ಟಿ, “ಎಲ್ಲಾ ಗಂಧಕದ ಮಹಿಮೆ!” ಎಂದ. ಸದ್ದು ಕೇಳಿ ಧಣಿಗಳು ಬಂದರು.

“ಗಂಧಕ ಚೆನ್ನಾಗೇ ಇದೆ ಸ್ವಾಮಿ, ಹೊತ್ತು ಮೀರಿ ಬೆಂದಿದೆ ಅಷ್ಟೇ,” ಎಂದು ಗುಮಾಸ್ತ ಗೋಗರೆದ.

“ತಪ್ಪು ಒಪ್ಕೊಳ್ಳೋನಿಗಾದ್ರೆ ಇನ್ನೊಂದು ಅವಕಾಶ ಕೊಡಬಹುದು,” ಎಂದರು ಧಣಿಗಳು.

ಗುಮಾಸ್ತ ತಟ್ಟನೆ ಪ್ಲೇಟು ಬದಲಿಸಿದ. ಒಪ್ಪಿಕೊಳ್ಳುವುದೇ ಆದ ಮೇಲೆ ಜಿಪುಣತನ ಯಾಕೆ? “ನಂಗೂ ಬೆಳಿಗ್ಗೆನೇ ವಾಸನೆ ಬಡೀತು ಸ್ವಾಮಿ. ದರಿದ್ರ ಗಂಧಕ! ಇದನ್ನ ತರಿಸೋನಿಗೆ ಬುದ್ಧಿ ಇಲ್ಲ.”

ಅಷ್ಟರಲ್ಲಿ ಹೊರಗೆ ಲಾರಿ ನಿಂತಿತು. ಡ್ರೈವರ್ ಇಣುಕಿದ. “ರಿಫೈನರಿ ಗಂಧಕ ಎಲ್ಲಿ ಇಳಿಸ್ಲಿ? ದಾರೀಲಿ ಗಾಡಿ ಕೆಟ್ಟು ತಡ ಆಯ್ತು.”

ಎಲ್ಲರೂ ಹಳದಿ ಚೀಲ ನೋಡಿದರು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. “ನೋಡಿದ್ರಾ ಸ್ವಾಮಿ? ಇದು ನಮ್ಮ ಹಳೇ ಗಂಧಕ!”

“ಹೌದಲ್ಲ,” ಎಂದರು ಧಣಿಗಳು ಮೆಲ್ಲಗೆ. “ನಮ್ಮಪ್ಪನ ಕಾಲದಿಂದ ನಾನೇ ನಿಂತು ತರಿಸ್ತಿರೋ ಗಂಧಕ. ಬುದ್ಧಿ ಇಲ್ಲ ಅಂದದ್ದು ಯಾರಿಗೆ?”

ಗುಮಾಸ್ತ ಬಗ್ಗಿ ಹಳದಿ ಚೀಲದ ಬಾಯಿ ಕಟ್ಟತೊಡಗಿದ. ಅಚ್ಚಿನವನು ಮುಂದೆ ಬಂದ. “ನಾನು ಬೆಳಿಗ್ಗೆಯಿಂದ ಬಡ್ಕೊಳ್ತಾನೇ ಇದ್ದೆ ಸ್ವಾಮಿ, ಹೊಸ ಗಂಧಕ ಬಂದಿದ್ರೆ ಹೀಗಾಗ್ತಿರ್ಲಿಲ್ಲ ಅಂತ.”

ಧಣಿಗಳಿಗೆ ಅವನ ದೂರದೃಷ್ಟಿ ಮೆಚ್ಚಿಗೆಯಾಯಿತು. ಸಂಜೆಯೊಳಗೆ ಅವನೇ ಮೇಲ್ವಿಚಾರಕನಾದ. ಅವನ ಮೊದಲ ಅಪ್ಪಣೆಯಂತೆ ಗುಮಾಸ್ತ ರಿಫೈನರಿ ಗಂಧಕದ ಚೀಲಗಳನ್ನು ಒಂದೊಂದಾಗಿ ಹೊತ್ತು ಒಳಗಿಟ್ಟ. ಯಾರಿಗೂ ಯಾವ ವಾಸನೆಯೂ ಬರಲಿಲ್ಲ.